ಆಗುಂಬೆ ದಾರಿಯ ಹೋಂಸ್ಟೇಗೆ ಬಂದ 1,51,000 ರೂಪಾಯಿ: ಒಂದು ಪ್ರಕರಣ

ಇದು ನನ್ನ ಅಕ್ಕ, ಭಾವನ ಮನೆಯಲ್ಲಿ ನಡೆದದ್ದು. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ಟಾರು ರಸ್ತೆ ಬಿಟ್ಟು ಸ್ವಲ್ಪ ಒಳಗೆ ಅವರ ಮನೆ ಇದೆ. ಅಡಿಕೆಗೆ ಎಲೆಚುಕ್ಕಿ ರೋಗ ಬಂದು ಫಸಲು ಇಳಿದ ಮೇಲೆ ಹಳೆ ಮನೆಯ ಮೂರು ಕೋಣೆ ಸರಿಮಾಡಿ ಹೋಂಸ್ಟೇ ಶುರು ಮಾಡಿದರು. ನಾನು ಶಿವಮೊಗ್ಗದಲ್ಲಿ ಸಣ್ಣ ವ್ಯಾಪಾರಿಗಳ ಲೆಕ್ಕ ಬರೆಯುತ್ತೇನೆ. ಅಕ್ಕನ ಮನೆ ಲೆಕ್ಕವೂ ನನ್ನ ಹತ್ತಿರವೇ ಇದೆ. ಇಬ್ಬರನ್ನೂ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಬೇಡ ಅಂದರು, ಅಂಕಿಗಳನ್ನು ಹಾಗೇ ಬರಿ ಅಂದರು.

ಬುಕಿಂಗ್ ಬಂದ ಬಗೆ

2024ರ ಅಕ್ಟೋಬರ್. ಮಳೆ ಹಿಂದೆ ಸರಿಯುವ ಹೊತ್ತು, ಡಿಸೆಂಬರ್ ಬುಕಿಂಗ್ ಶುರುವಾಗುವ ಹೊತ್ತು. ಭಾವನ ವಾಟ್ಸಾಪ್‌ಗೆ ಒಂದು ಸಂದೇಶ ಬಂತು. ತಾನು ಜರ್ಮನಿಯವನು, ಆರು ಜನ ಗೆಳೆಯರು ಕಾಡಿನ ಫೋಟೋ ತೆಗೆಯಲು ಬರುತ್ತಿದ್ದೇವೆ, ಐದು ರಾತ್ರಿ ಮೂರೂ ಕೋಣೆ ಬೇಕು ಎಂದು ಬರೆದಿದ್ದ. ಇದರಲ್ಲಿ ಅನುಮಾನ ಪಡುವಂಥದ್ದು ಏನೂ ಇರಲಿಲ್ಲ. ಆಗುಂಬೆಯಲ್ಲಿ 2005ರಲ್ಲಿ ರೋಮುಲಸ್ ವಿಟೇಕರ್ ಕಟ್ಟಿದ ಮಳೆಕಾಡು ಸಂಶೋಧನಾ ಕೇಂದ್ರ ಇದೆ. ಕಾಳಿಂಗ ಸರ್ಪ, ಕಪ್ಪೆ, ಅಣಬೆ ಅಂತ ಹುಡುಕಿಕೊಂಡು ವಿದೇಶದವರು ಈ ಕಡೆ ಬರುತ್ತಾರೆ.

ಊಟ, ವಸತಿ ಸೇರಿ ಒಬ್ಬರಿಗೆ ದಿನಕ್ಕೆ 2,200 ರೂಪಾಯಿ. ಆರು ಜನ, ಐದು ದಿನ ಅಂದರೆ 66,000. ಆತ ಚೌಕಾಸಿ ಮಾಡಲಿಲ್ಲ. ಅಡ್ವಾನ್ಸ್ ಸಾಕು ಅಂದರೂ ಪೂರ್ತಿ ಹಣ ಈಗಲೇ ಕ್ರೆಡಿಟ್ ಕಾರ್ಡಿನಲ್ಲಿ ಕೊಡುತ್ತೇನೆ ಅಂದ. ಆಮೇಲೆ ಒಂದು ಸಣ್ಣ ಸಹಾಯ ಕೇಳಿದ. ಬೆಂಗಳೂರಿನಿಂದ ಗಾಡಿ ಮಾಡಿಕೊಂಡು ಬರುತ್ತೇವೆ, ಆ ಗಾಡಿಯವನು ಕಾರ್ಡ್ ತೆಗೆದುಕೊಳ್ಳುವುದಿಲ್ಲ, ಅವನಿಗೆ 85,000 ರೂಪಾಯಿ ಕೊಡಬೇಕು. ಅದನ್ನೂ ಸೇರಿಸಿ ನನ್ನ ಕಾರ್ಡಿನಿಂದ ತೆಗೆದುಕೊಳ್ಳಿ, ನಿಮ್ಮ ಖಾತೆಯಿಂದ ಅವನಿಗೆ ಹಾಕಿಬಿಡಿ ಎಂದ.

ಭಾವ ಒಟ್ಟು 1,51,000 ರೂಪಾಯಿಗೆ ಪೇಮೆಂಟ್ ಲಿಂಕ್ ಕಳಿಸಿದರು. ಮೊದಲ ಕಾರ್ಡು ಹೋಗಲಿಲ್ಲ. ಎರಡನೆಯದೂ ಹೋಗಲಿಲ್ಲ. ಮೂರನೆಯದು ಪಾಸಾಯಿತು. ಅದು ಸೋಮವಾರ. ಗುರುವಾರ ಗೇಟ್‌ವೇಯವರು (ಕಾರ್ಡಿನ ಹಣವನ್ನು ವ್ಯಾಪಾರಿಗೆ ಮುಟ್ಟಿಸುವ ಕಂಪನಿ) ತಮ್ಮ ಕಮಿಷನ್ ಶೇಕಡಾ 3, ಅದರ ಮೇಲಿನ ಜಿಎಸ್‌ಟಿ ಸೇರಿ 5,345 ರೂಪಾಯಿ ಹಿಡಿದುಕೊಂಡು ಉಳಿದದ್ದನ್ನು ಬ್ಯಾಂಕ್ ಖಾತೆಗೆ ಹಾಕಿದರು.

ಅಕ್ಕನಿಗೆ ಮಾತ್ರ ಮೊದಲಿನಿಂದಲೂ ಏನೋ ಸರಿಯಿಲ್ಲ ಅನಿಸಿತ್ತು. "ಅವನು ಜಿಗಣೆ ಇದೆಯಾ ಅಂತ ಕೇಳ್ಲೇ ಇಲ್ಲ ನೋಡು" ಅಂದಿದ್ದಳು. ಹೌದು. ಈ ಮನೆಗೆ ಬರುವ ಯಾರೇ ಆಗಲಿ, ಜಿಗಣೆ ಇದೆಯಾ, ಬಿಸಿನೀರು ಸಿಗುತ್ತಾ, ಫೋನ್ ಸಿಗ್ನಲ್ ಇದೆಯಾ, ಮಂಗಳೂರು ಹತ್ತಿರವೋ ಶಿವಮೊಗ್ಗ ಏರ್‌ಪೋರ್ಟ್ ಹತ್ತಿರವೋ ಎಂದು ಹತ್ತು ಪ್ರಶ್ನೆ ಕೇಳುತ್ತಾರೆ. ಕ್ಯಾಮೆರಾದವರಂತೂ ಚಾರ್ಜ್ ಮಾಡಲು ಕರೆಂಟು ಇರುತ್ತಾ ಅಂತ ಎರಡೆರಡು ಸಲ ಕೇಳುತ್ತಾರೆ. ಇವನು ಕೇಳಿದ್ದು ದುಡ್ಡಿನ ವಿಷಯ ಮಾತ್ರ. ಪಾಸ್‌ಪೋರ್ಟ್, ವೀಸಾ ಪ್ರತಿ ಕಳಿಸಿ ಅಂದದ್ದಕ್ಕೆ, ಬಂದ ಮೇಲೆ ತೋರಿಸುತ್ತೇವೆ ಅಂದಿದ್ದ. ವಿದೇಶಿ ಅತಿಥಿ ಬಂದ 24 ಗಂಟೆಯೊಳಗೆ ಅವರ ವಿವರ ತುಂಬಿ ಸರ್ಕಾರಕ್ಕೆ ಕಳಿಸುವುದು ಮನೆಯವರ ಹೊಣೆ, ಆಗ ಅದಕ್ಕೆ ಫಾರ್ಮ್ ಸಿ ಅನ್ನುತ್ತಿದ್ದರು. ಅದಕ್ಕೆ ಆ ಪ್ರತಿ ಬೇಕೇ ಬೇಕು. ಭಾವ ಆಗ ಒತ್ತಾಯ ಮಾಡಲಿಲ್ಲ. ಹಣ ಬಂದಾಗಿದೆಯಲ್ಲ ಅನ್ನುವ ಧೈರ್ಯ.

ಗುರುವಾರ ರಾತ್ರಿ

ನಾನು ತಿಂಗಳ ಲೆಕ್ಕ ತಾಳೆ ನೋಡುತ್ತಿದ್ದೆ. ಆ ಖಾತೆಗೆ ಅಷ್ಟು ದೊಡ್ಡ ಮೊತ್ತ ಒಮ್ಮೆಗೇ ಬಂದದ್ದೇ ಇಲ್ಲ. ಅದೇ ದಿನ ಸಂಜೆ 40,000 ರೂಪಾಯಿ ಒಂದು ಹೊಸ ಖಾತೆಗೆ ಹೋಗಿತ್ತು. ಮನೆಯ ಒಳಗೆ ಮೊಬೈಲ್ ಸಿಗುವುದಿಲ್ಲ, ಅದಕ್ಕೆ ಲ್ಯಾಂಡ್‌ಲೈನಿಗೆ ಫೋನ್ ಮಾಡಿದೆ. ಭಾವನೇ ಎತ್ತಿದರು.

"ಗಾಡಿಯವನಿಗೆ ಹಾಕಿದ್ದು ಮಾರಾಯ್ತಿ. ಹೊಸ ಖಾತೆ ಅಲ್ವಾ, ಆ್ಯಪ್ ಇವತ್ತು ಅಷ್ಟೇ ಬಿಟ್ಟಿದ್ದು. ಉಳಿದ 45,000 ಬೆಳಿಗ್ಗೆ ಹಾಕ್ತೇನೆ."

"ಭಾವ, ಆ ಗಾಡಿಯವನ ಜೊತೆ ನೀವು ಮಾತಾಡಿದ್ದೀರಾ?"

ಇಲ್ಲ. ಖಾತೆ ನಂಬರು, ಐಎಫ್‌ಎಸ್‌ಸಿ ಕೋಡ್ ಜರ್ಮನಿಯವನೇ ಕಳಿಸಿದ್ದು. ತೀರ್ಥಹಳ್ಳಿಯಲ್ಲಿ ಗಾಡಿ ಮಾಡಿದರೆ ಐದು ದಿನಕ್ಕೆ ಎಷ್ಟಾಗುತ್ತದೆ ಎಂದು ಭಾವನಿಗೆ ಗೊತ್ತು. 85,000 ತುಂಬಾ ಜಾಸ್ತಿ ಎಂದೂ ಗೊತ್ತಿತ್ತು. "ಫಾರಿನ್ನಿನವರು, ಅವರ ರೇಟೇ ಬೇರೆ ಅಂದುಕೊಂಡೆ" ಅಂದರು. ನಾನು ಅವರನ್ನು ದೂರುವುದಿಲ್ಲ. ಸಹಾಯ ಕೇಳಿದ ಅತಿಥಿಗೆ ಇಲ್ಲ ಅನ್ನುವುದು ನಮ್ಮ ಕಡೆ ಸುಲಭ ಅಲ್ಲ. ಈ ಮೋಸ ಮಾಡುವವರು ಕೈ ಹಾಕುವುದೂ ಅಲ್ಲಿಗೇ.

ರಾತ್ರಿ ಹತ್ತು ಗಂಟೆಗೆ 1930ಕ್ಕೆ ಫೋನ್ ಮಾಡಿಸಿದೆ. ಸೈಬರ್ ವಂಚನೆಗೆಂದೇ ಇರುವ ಸಹಾಯವಾಣಿ ಅದು. ವಹಿವಾಟಿನ ನಂಬರು ಕೊಟ್ಟರೆ, ಹಣ ಯಾವ ಖಾತೆಗೆ ಹೋಗಿದೆಯೋ ಆ ಬ್ಯಾಂಕಿಗೆ ಸುದ್ದಿ ಮುಟ್ಟುತ್ತದೆ. ಆ ಖಾತೆಯಲ್ಲಿ ಉಳಿದದ್ದನ್ನು ಅವರು ತಡೆಹಿಡಿಯುತ್ತಾರೆ. ಬೆಳಿಗ್ಗೆ ನೋಡೋಣ ಅಂತ ಮಲಗಿದ್ದರೆ ಏನೂ ಉಳಿಯುತ್ತಿರಲಿಲ್ಲ. ಆ ಹೊತ್ತಿಗಾಗಲೇ 26,000 ಎಟಿಎಂನಿಂದ ಹೊರಗೆ ಹೋಗಿತ್ತು. ಸಿಕ್ಕಿದ್ದು 14,000.

ಭಾವ ಖಾತೆ ಸೇರಿಸುವಾಗ ಗಾಡಿಯವನ ಹೆಸರು ಟೈಪ್ ಮಾಡಿದ್ದರು. ಆ ಖಾತೆ ಇದ್ದದ್ದು ಬೇರೆ ಯಾರದೋ ಹೆಸರಿನಲ್ಲಿ, ಬೇರೆ ರಾಜ್ಯದಲ್ಲಿ. ಆಗ ಹಣ ಹೋಗುತ್ತಿದ್ದದ್ದು ಖಾತೆ ನಂಬರು ನೋಡಿ ಮಾತ್ರ. ನಾವು ಬರೆದ ಹೆಸರನ್ನು ಯಾರೂ ತಾಳೆ ನೋಡುತ್ತಿರಲಿಲ್ಲ. ಬ್ಯಾಂಕಿನಿಂದ ಬ್ಯಾಂಕಿಗೆ ಹಣ ದಾಟಿಸುವ ನೆಫ್ಟ್, ಆರ್‌ಟಿಜಿಎಸ್‌ನಲ್ಲಿ ಕಳಿಸುವ ಮೊದಲೇ ಖಾತೆದಾರನ ನಿಜವಾದ ಹೆಸರು ತೋರಿಸುವ ವ್ಯವಸ್ಥೆಯನ್ನು 2025ರ ಏಪ್ರಿಲ್ 1ರೊಳಗೆ ಮಾಡಬೇಕು ಎಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಹೇಳಿದ್ದು ಆಮೇಲೆ. ಅದು ಆರು ತಿಂಗಳು ಮೊದಲು ಇದ್ದಿದ್ದರೆ ಭಾವನ ಕೈ ಅಲ್ಲೇ ನಿಲ್ಲುತ್ತಿತ್ತು.

ಓಟಿಪಿ ಎಲ್ಲಿ ಹೋಯಿತು?

ಮರುದಿನ ನಾನು ಹೋದಾಗ ಭಾವ ಜಗಲಿಯಲ್ಲಿ ಕೂತಿದ್ದರು. ಅವರ ತಲೆ ತಿನ್ನುತ್ತಿದ್ದದ್ದು ಒಂದೇ ಪ್ರಶ್ನೆ. "ಓಟಿಪಿ ಇಲ್ದೆ ಕಾರ್ಡ್ ನಡೆಯೋದು ಹೇಗೆ? ಕದ್ದ ಕಾರ್ಡಾದರೆ ಓಟಿಪಿ ಒಡೆಯನ ಫೋನಿಗೆ ಹೋಗಬೇಕಲ್ಲ?"

ಇಡೀ ಪ್ರಕರಣದ ಗಂಟು ಇರುವುದು ಈ ಪ್ರಶ್ನೆಯಲ್ಲಿ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನಮ್ಮ ದೇಶದಲ್ಲಿ ಆನ್‌ಲೈನ್ ಕಾರ್ಡ್ ಪಾವತಿಗೆ, ಕಾರ್ಡಿನ ಮೇಲೆ ಕಾಣದ ಇನ್ನೊಂದು ಗುರುತನ್ನು ಕೇಳಲೇಬೇಕು ಎಂದು ರಿಸರ್ವ್ ಬ್ಯಾಂಕ್ ನಿಯಮ ಮಾಡಿತು. 2009ರ ಆಗಸ್ಟ್ 1ರಿಂದ ಅದು ಜಾರಿಯಲ್ಲಿದೆ. ಮೊದಲು ಪಾಸ್‌ವರ್ಡ್ ಇತ್ತು, ಆಮೇಲೆ ಓಟಿಪಿ ಬಂತು. ಹದಿನೈದು ವರ್ಷ ಹೀಗೇ ನಡೆದು, ಕಾರ್ಡ್ ಅಂದರೆ ಓಟಿಪಿ ಎಂಬುದು ನಮ್ಮ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಆದರೆ ಆ ನಿಯಮ ಇಲ್ಲಿನ ಬ್ಯಾಂಕುಗಳು ಕೊಟ್ಟ ಕಾರ್ಡಿಗೆ. ಹೊರದೇಶದ ಬ್ಯಾಂಕ್ ಕೊಟ್ಟ ಕಾರ್ಡನ್ನು ನಮ್ಮ ಗೇಟ್‌ವೇಯಲ್ಲಿ ಬಳಸಿದರೆ ಅದು ಅನ್ವಯಿಸುವುದಿಲ್ಲ. ಬರೀ ನಂಬರು, ಅವಧಿ ಮುಗಿಯುವ ತಿಂಗಳು, ಸಿವಿವಿ ಎಂಬ ಸಣ್ಣ ಗುಪ್ತ ಸಂಖ್ಯೆ ಇದ್ದರೆ ಸಾಕು, ಹಣ ಪಾಸಾಗಬಹುದು. ಆ ಮೂರೂ ಕಾರ್ಡಿನ ಮೇಲೆಯೇ ಅಚ್ಚಾಗಿವೆ. ಒಮ್ಮೆ ಯಾರಾದರೂ ಕಾರ್ಡಿನ ಎರಡೂ ಬದಿ ಫೋಟೋ ತೆಗೆದುಕೊಂಡರೆ ಮುಗಿಯಿತು.

ಭಾವನಿಗೆ ನಾನು ಮಂಡಿಯ ಉದಾಹರಣೆ ಕೊಟ್ಟೆ. ಅಡಿಕೆ ಮಂಡಿಗೆ ಹೋದರೆ ಸಾಹುಕಾರರು ಎರಡು ವಿಷಯ ನೋಡುತ್ತಾರೆ. ಮಾಲು ಸರಿಯಾಗಿದೆಯಾ, ತಂದವನು ಯಾವ ಮನೆಯವನು. ಮಾಲು ಎಷ್ಟೇ ಚೆನ್ನಾಗಿರಲಿ, ಮನೆ ಹೆಸರು ಹೇಳದವನಿಗೆ ಅಡ್ವಾನ್ಸ್ ಕೊಡುವುದಿಲ್ಲ. ಕಾರ್ಡ್ ಪಾಸಾಯಿತು ಅಂದರೆ ಮೊದಲನೆಯದಕ್ಕೆ ಮಾತ್ರ ಉತ್ತರ ಸಿಕ್ಕಂತೆ: ಕಾರ್ಡು ಜೀವಂತ ಇದೆ, ಅದರಲ್ಲಿ ಅಷ್ಟು ಮಿತಿ ಇದೆ. ತಂದವನು ಯಾರು ಎಂದು ಬ್ಯಾಂಕ್ ಹೇಳಿಯೇ ಇಲ್ಲ. ಓಟಿಪಿ ಬಂದಾಗ ಆ ಎರಡನೇ ಉತ್ತರವೂ ಬಹುಮಟ್ಟಿಗೆ ಸಿಗುತ್ತದೆ. ಇಲ್ಲಿ ಅದು ಬರಲೇ ಇಲ್ಲ, ಭಾವ ಬಂದಿದೆ ಎಂದುಕೊಂಡರು.

ಗೇಟ್‌ವೇಯ ಪುಟ ತೆರೆದು ಆ ವಹಿವಾಟಿನ ವಿವರ ನೋಡಿದೆವು. ಅಲ್ಲಿ ಎಲ್ಲ ಬರೆದಿತ್ತು. ಕಾರ್ಡುದಾರನ ದೃಢೀಕರಣ ಆಗಿಲ್ಲ. ಮೂರನೇ ಕಾರ್ಡು ಅಮೆರಿಕದ ಬ್ಯಾಂಕಿನದು. ಪಾಸಾಗದ ಎರಡರಲ್ಲಿ ಒಂದು ಕೆನಡಾದ್ದು. ಕಾರ್ಡಿನ ಮೊದಲ ಆರೆಂಟು ಅಂಕಿಗಳೇ ಯಾವ ಬ್ಯಾಂಕು, ಯಾವ ದೇಶ ಎಂದು ಹೇಳುತ್ತವೆ. ಜರ್ಮನಿಯವನ ಕೈಯಲ್ಲಿ ಬೇರೆ ಬೇರೆ ದೇಶದ ಮೂರು ಕಾರ್ಡು, ಒಂದಾದ ಮೇಲೊಂದು. ಒಬ್ಬ ಮನುಷ್ಯ ತನ್ನ ಪರ್ಸಿನಿಂದ ಕಾರ್ಡ್ ತೆಗೆಯುವ ರೀತಿ ಇದಲ್ಲ. ಕದ್ದ ನಂಬರುಗಳ ಪಟ್ಟಿ ಇಟ್ಟುಕೊಂಡು ಯಾವುದು ನಡೆಯುತ್ತದೆ ಎಂದು ನೋಡುವ ರೀತಿ ಇದು. ಇಷ್ಟೆಲ್ಲ ಸೋಮವಾರವೇ ಆ ಪುಟದಲ್ಲಿತ್ತು. ಹಣ ಬಂತು ಎಂಬ ಹಸಿರು ಗುರುತಿನ ಕೆಳಗೆ ಯಾರೂ ನೋಡುವುದಿಲ್ಲ ಅಷ್ಟೇ.

ಅಮೆರಿಕ, ಕೆನಡಾ, ಬ್ರಿಟನ್‌ನ ಕಾರ್ಡುಗಳಿಗೆ ಇನ್ನೊಂದು ಪರೀಕ್ಷೆ ಇದೆ. ಬಿಲ್ ಬರುವ ವಿಳಾಸದ ಮನೆ ನಂಬರು, ಪಿನ್ ಕೋಡನ್ನು ಕೇಳಿ, ಬ್ಯಾಂಕಿನಲ್ಲಿರುವುದರ ಜೊತೆ ತಾಳೆ ನೋಡುತ್ತಾರೆ. ನಮ್ಮಲ್ಲಿ ಅದರ ಬಳಕೆ ಇಲ್ಲದ್ದರಿಂದ ನಮಗೆ ಹೊಳೆಯುವುದೇ ಇಲ್ಲ. ಭಾವನ ಗೇಟ್‌ವೇಯಲ್ಲಿ ಆ ಸೌಲಭ್ಯ ಇತ್ತು. ಆದರೆ ಅದನ್ನು ಆನ್ ಮಾಡಿರಲಿಲ್ಲ.

ಕಾರ್ಡಿನ ಒಡೆಯ

ಈಗ ಖಾತೆಯಲ್ಲಿ ಇನ್ನೂ ಒಂದು ಲಕ್ಷದ ಮೇಲೆ ಇತ್ತು. ಭಾವನಿಗೆ ಒಂದು ಆಸೆ. "ಅವರು ಬರದೇ ಇದ್ದರೆ 66,000 ನಮ್ಮದೇ ಅಲ್ವಾ? ಕೋಣೆ ಹಿಡಿದಿಟ್ಟಿದ್ದೇವಲ್ಲ."

ಆಗ ಮಾತಾಡಿದ್ದು ಅಕ್ಕ. "ಪಾಪ, ಆ ಕಾರ್ಡಿನವರು ಯಾರೋ ಏನೋ. ಅವರ ಬಿಲ್ಲಲ್ಲಿ ನಮ್ಮನೆ ಹೆಸರು ಬಂದಿರುತ್ತೆ. ನಾವೇ ಕಳ್ಳರು ಅಂದುಕೊಳ್ತಾರೆ."

ನಿಜ. ಸ್ಟೇಟ್‌ಮೆಂಟಿನಲ್ಲಿ ಹಣ ತೆಗೆದುಕೊಂಡವರ ಹೆಸರು ಇರುತ್ತದೆ. ಎಂದೂ ಕೇಳದ ಊರಿನ ಹೋಂಸ್ಟೇ ಒಂದು ತನ್ನ ಕಾರ್ಡಿನಿಂದ ಒಂದೂವರೆ ಲಕ್ಷ ಎಳೆದಿದೆ ಎಂದು ಎಲ್ಲೋ ಒಬ್ಬರು ಗಾಬರಿಯಾಗಿರುತ್ತಾರೆ. ನಮ್ಮ ಮೇಲೆ ಅನುಮಾನ ಪಡಲು ಅವರಿಗೆ ಎಲ್ಲ ಕಾರಣವೂ ಇದೆ. ಅಕ್ಕ ಇದನ್ನು ಹೇಳಿದ ಮೇಲೆ ಭಾವ ಮತ್ತೆ ಆ 66,000ದ ಮಾತು ಎತ್ತಲಿಲ್ಲ.

ಲೆಕ್ಕದ ದಾರಿಯೂ ಅದೇ ಹೇಳುತ್ತಿತ್ತು. ಒಡೆಯ ದೂರು ಕೊಟ್ಟರೆ ಅವರ ಬ್ಯಾಂಕ್ ಹಣವನ್ನು ಹಿಂದಕ್ಕೆ ಎಳೆಯುತ್ತದೆ. ಇದಕ್ಕೆ ಚಾರ್ಜ್‌ಬ್ಯಾಕ್ ಅನ್ನುತ್ತಾರೆ. ವೀಸಾ, ಮಾಸ್ಟರ್‌ಕಾರ್ಡ್‌ನಲ್ಲಿ ಸಾಮಾನ್ಯವಾಗಿ 120 ದಿನದವರೆಗೆ ಅದಕ್ಕೆ ಅವಕಾಶ ಇದೆ. ದೃಢೀಕರಣ ಆಗಿದ್ದರೆ ಇಂಥ ವಂಚನೆಯ ನಷ್ಟವನ್ನು ಸಾಮಾನ್ಯವಾಗಿ ಕಾರ್ಡ್ ಕೊಟ್ಟ ಬ್ಯಾಂಕ್ ಹೊರುತ್ತದೆ. ಆಗಿಲ್ಲದಿದ್ದರೆ ಹಣ ತೆಗೆದುಕೊಂಡ ವ್ಯಾಪಾರಿ ಹೊರುತ್ತಾನೆ. ಅಕ್ಟೋಬರಿನಲ್ಲಿ ಬಂದ ಹಣ ಜನವರಿಯಲ್ಲಿ ವಾಪಸು ಹೋಗಬಹುದು. ಅಷ್ಟರಲ್ಲಿ ಅದು ಗೊಬ್ಬರಕ್ಕೋ ಕೊಯ್ಲಿನ ಕೂಲಿಗೋ ಖರ್ಚಾಗಿರುತ್ತದೆ. ಮೇಲಿಂದ ಗೇಟ್‌ವೇಯವರ ದಂಡ ಬೇರೆ.

ಹಾಗಾಗಿ ನಾವೇ ಮೊದಲು ರಿಫಂಡ್ ಮಾಡಿದೆವು, ಬಂದ ಕಾರ್ಡಿಗೇ, ಪೂರ್ತಿ 1,51,000. ಹೋದ 40,000, ಗೇಟ್‌ವೇ ಹಿಡಿದ 5,345 ಎರಡನ್ನೂ ಭಾವ ಕೈಯಿಂದ ಹಾಕಬೇಕಾಯಿತು. ಅಡಿಕೆ ಮಾರಿದ ಹಣ ಅದು.

ಈ ನಡುವೆ ಜರ್ಮನಿಯವನ ಸಂದೇಶ ಬಂತು. ಪ್ರವಾಸ ರದ್ದಾಗಿದೆ, ಆ ಕಾರ್ಡು ಬ್ಲಾಕ್ ಆಗಿದೆ, ಅದಕ್ಕೆ ಹಾಕಬೇಡಿ, ಈ ಬ್ಯಾಂಕ್ ಖಾತೆಗೆ ಕಳಿಸಿ ಎಂದು. ಎರಡನೇ ಬಲೆ ಇದು. ಇದನ್ನು ನಂಬಿ ಕಳಿಸಿದರೆ ಒಂದೇ ಹಣವನ್ನು ಎರಡು ಸಲ ಕೊಟ್ಟಂತೆ: ಒಮ್ಮೆ ಕಳ್ಳನಿಗೆ, ಇನ್ನೊಮ್ಮೆ ಚಾರ್ಜ್‌ಬ್ಯಾಕ್ ಬಂದಾಗ ಒಡೆಯನಿಗೆ. ಕಾರ್ಡು ಬ್ಲಾಕ್ ಆಗಿದ್ದರೂ ಅದರ ರಿಫಂಡು ಆ ಬ್ಯಾಂಕಿಗೆ ಹೋಗಿ ಅದೇ ಗ್ರಾಹಕನ ಲೆಕ್ಕಕ್ಕೆ ಸೇರುತ್ತದೆ. ಹೊಟೇಲು, ಹೋಂಸ್ಟೇ, ಅಂಗಡಿ ಯಾವುದೇ ನಡೆಸಿ, ಕಾರ್ಡಿನಲ್ಲಿ ಬಂದ ಹಣವನ್ನು ಬೇರೆ ದಾರಿಯಲ್ಲಿ ವಾಪಸು ಕೊಡಲೇಬೇಡಿ. ಇದೊಂದನ್ನು ನಾನು ಕೈಮುಗಿದು ಕೇಳುತ್ತೇನೆ.

ಒಂಬತ್ತು ದಿನದ ನಂತರ ಗೇಟ್‌ವೇಯಿಂದ ಮೇಲ್ ಬಂತು. ಕಾರ್ಡಿನ ಒಡೆಯರು ಈ ಪಾವತಿ ತಮ್ಮದಲ್ಲ ಎಂದು ಬ್ಯಾಂಕಿಗೆ ತಿಳಿಸಿದ್ದಾರೆ, ರಿಫಂಡ್ ಆಗಿರುವುದರಿಂದ ದೂರು ಮುಗಿದಿದೆ ಎಂದು. ಅಕ್ಕ ಅದನ್ನು ಎರಡು ಸಲ ಓದಿಸಿಕೊಂಡಳು.

ಭಾವನ ಹೊಸ ನಿಯಮ

ನವೆಂಬರಿನಲ್ಲಿ ಬೆಂಗಳೂರಿನ ಒಬ್ಬರು ನನಗೆ ಫೋನ್ ಮಾಡಿದರು. ಮೂರು ವರ್ಷದಿಂದ ಅಕ್ಕನ ಮನೆಗೆ ಬರುವವರು, ಲೆಕ್ಕದ ವಿಷಯಕ್ಕೆ ನನ್ನ ಪರಿಚಯವೂ ಇತ್ತು. "ನಿಮ್ಮ ಭಾವ ಕಾರ್ಡಿನ ಎರಡೂ ಕಡೆ ಫೋಟೋ ತೆಗೆದು ವಾಟ್ಸಾಪ್ ಮಾಡಿ ಅಂತಿದ್ದಾರೆ. ಅವರ ನಂಬರು ಯಾರಾದರೂ ಹ್ಯಾಕ್ ಮಾಡಿದ್ದಾರಾ?" ಎಂದು ಕೇಳಿದರು.

ಯಾರೂ ಹ್ಯಾಕ್ ಮಾಡಿರಲಿಲ್ಲ. ಭಾವನೇ ಕೇಳಿದ್ದು. ಒಮ್ಮೆ ಸುಟ್ಟುಕೊಂಡಿದ್ದರಿಂದ ಕಾರ್ಡು ಕಣ್ಣಿಗೆ ಕಂಡರೆ ಮಾತ್ರ ಬುಕಿಂಗ್ ಎಂದು ನಿರ್ಧರಿಸಿದ್ದರು. ಅಷ್ಟರಲ್ಲಿ ನಾಲ್ಕು ಜನ ಫೋಟೋ ಕಳಿಸಿಯೂ ಆಗಿತ್ತು.

ನನಗೆ ಆ ಜರ್ಮನಿಯವನಿಗಿಂತ ಇದೇ ಹೆಚ್ಚು ಭಯ ಹುಟ್ಟಿಸಿತು. ಭಾವನ ಫೋನಿಗೆ ಲಾಕ್ ಇರಲಿಲ್ಲ. ತೋಟದ ಕೆಲಸದವರು, ಅತಿಥಿಗಳ ಮಕ್ಕಳು ಎಲ್ಲರೂ ಅದನ್ನು ಮುಟ್ಟುತ್ತಾರೆ. ಪರದೆ ಒಡೆದರೆ ತೀರ್ಥಹಳ್ಳಿಯ ರಿಪೇರಿ ಅಂಗಡಿಯಲ್ಲಿ ಎರಡು ದಿನ ಬಿಟ್ಟು ಬರುತ್ತಾರೆ. ಫೋಟೋಗಳು ತಾವಾಗಿಯೇ ಕ್ಲೌಡಿಗೂ ಹೋಗುತ್ತಿದ್ದವು. ಸಿವಿವಿಯನ್ನು ಪಾವತಿ ಪಾಸಾದ ಮೇಲೆ ಎಲ್ಲಿಯೂ ಉಳಿಸಿಕೊಳ್ಳಬಾರದು ಎಂಬುದು ಕಾರ್ಡ್ ಕಂಪನಿಗಳ ಭದ್ರತಾ ನಿಯಮ, ಪಿಸಿಐ ಡಿಎಸ್‌ಎಸ್ ಎನ್ನುತ್ತಾರೆ. 2022ರ ಅಕ್ಟೋಬರ್ 1ರಿಂದ ನಮ್ಮ ದೇಶದ ದೊಡ್ಡ ದೊಡ್ಡ ಆನ್‌ಲೈನ್ ಅಂಗಡಿಗಳೇ ಗ್ರಾಹಕರ ಕಾರ್ಡ್ ನಂಬರು ಇಟ್ಟುಕೊಳ್ಳುವಂತಿಲ್ಲ, ಬದಲಿಗೆ ಟೋಕನ್, ಅಂದರೆ ಆ ನಂಬರಿನ ಜಾಗದಲ್ಲಿ ಬಳಸುವ ಬದಲಿ ಸಂಕೇತ, ಇಟ್ಟುಕೊಳ್ಳಬೇಕು. ಅಂಥದ್ದರಲ್ಲಿ ನಮ್ಮ ಭಾವ ಮೊಬೈಲ್ ಗ್ಯಾಲರಿಯಲ್ಲಿ, ಹಸುವಿನ ಕರುವಿನ ಫೋಟೋ ಪಕ್ಕ, ನಾಲ್ಕು ಜನರ ಕಾರ್ಡು ಇಟ್ಟುಕೊಂಡಿದ್ದರು. ಮೋಸ ತಡೆಯಲು ಹೋಗಿ, ಇನ್ನೊಂದು ಮೋಸಕ್ಕೆ ಬೇಕಾದ ಸಾಮಾನು ನಾವೇ ಕೂಡಿಟ್ಟಂತಾಗಿತ್ತು.

ಅದೂ ಅಲ್ಲದೆ ಆ ನಾಲ್ಕೂ ಇಲ್ಲಿನ ಬ್ಯಾಂಕಿನ ಕಾರ್ಡುಗಳು. ಅವಕ್ಕೆ ಓಟಿಪಿ ಇದ್ದೇ ಇರುತ್ತದೆ. ಫೋಟೋದಿಂದ ಭಾವನಿಗೆ ಹೊಸದಾಗಿ ಏನೂ ಗೊತ್ತಾಗುತ್ತಿರಲಿಲ್ಲ.

ಗ್ಯಾಲರಿ, ಚಾಟ್, ಕ್ಲೌಡ್, ಕಸದ ಬುಟ್ಟಿ ಎಲ್ಲ ಕಡೆಯಿಂದ ಅಳಿಸಿದೆವು. ನಾಲ್ಕೂ ಜನಕ್ಕೆ ಭಾವ ತಾವೇ ಫೋನ್ ಮಾಡಿ, ತಪ್ಪಾಯಿತು, ನಿಮ್ಮ ಕಾರ್ಡು ಬದಲಾಯಿಸಿಕೊಳ್ಳಿ ಎಂದು ಹೇಳಿದರು. ಒಬ್ಬರು ಬೇಸರದಿಂದ ಬುಕಿಂಗ್ ರದ್ದು ಮಾಡಿದರು. ನಾನು ಅವರ ಜಾಗದಲ್ಲಿದ್ದರೂ ಹಾಗೇ ಮಾಡುತ್ತಿದ್ದೆ.

ಈಗ ಹೇಗೆ ನಡೆಯುತ್ತಿದೆ

ಇಲ್ಲಿನ ಕಾರ್ಡಿಗೆ ಏನೂ ಬದಲಾಗಿಲ್ಲ. ಲಿಂಕು, ಓಟಿಪಿ, ಮುಗಿಯಿತು.

ಹೊರದೇಶದ ಕಾರ್ಡಾದರೆ ಲಿಂಕಿನಲ್ಲಿ ಒಂದು ರಾತ್ರಿಯ ಹಣ ಮಾತ್ರ. ಉಳಿದದ್ದು ಬಂದ ಮೇಲೆ, ಸ್ವೈಪ್ ಮಷಿನ್ನಿನಲ್ಲಿ, ಕಾರ್ಡು ಕೈಯಲ್ಲಿದ್ದಾಗ. ಇದರಿಂದ ಮೋಸವಾದರೂ ನಷ್ಟ ಸಣ್ಣದು. ಗೇಟ್‌ವೇಯವರಿಗೆ ಹೇಳಿ, ದೃಢೀಕರಣ ಆಗದ ವಿದೇಶಿ ಪಾವತಿಯನ್ನು ತಾನಾಗಿಯೇ ತಿರಸ್ಕರಿಸುವಂತೆ ಮಾಡಿಸಿದ್ದೇವೆ. ವಿಳಾಸದ ತಾಳೆಯೂ ಈಗ ಆನ್ ಆಗಿದೆ. ಇದರಿಂದ ಒಬ್ಬಿಬ್ಬರು ನಿಜವಾದ ಅತಿಥಿಗಳ ಕಾರ್ಡೂ ಹೋಗಲಿಲ್ಲ. ಅವರು ಬ್ಯಾಂಕ್ ಮೂಲಕ ಕಳಿಸಿದರು. ಆ ತೊಂದರೆ ಇರಲಿ ಎಂದು ಭಾವ ಒಪ್ಪಿಕೊಂಡಿದ್ದಾರೆ.

ಹಣ ಬಂದ ಮೇಲೆ ಭಾವ ವಹಿವಾಟಿನ ಪುಟ ತೆರೆದು ಕಾರ್ಡಿನ ದೇಶ, ಕೊನೆಯ ನಾಲ್ಕು ಅಂಕಿ, ಎಷ್ಟನೇ ಪ್ರಯತ್ನ ಎಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಪಾಸ್‌ಪೋರ್ಟ್ ಪ್ರತಿ ಮೊದಲೇ ಬರಬೇಕು. ಅದರಲ್ಲಿನ ಹೆಸರು, ಬರುವ ದಿನ ತೋರಿಸುವ ಕಾರ್ಡಿನ ಹೆಸರು ಒಂದೇ ಇರಬೇಕು, ಕೊನೆಯ ನಾಲ್ಕು ಅಂಕಿ ಪುಸ್ತಕದಲ್ಲಿರುವುದಕ್ಕೆ ಸರಿಹೊಂದಬೇಕು. ಪಾಸ್‌ಪೋರ್ಟಿನ ಫೋಟೋ ಒಂದನ್ನೇ ನಂಬುವುದಿಲ್ಲ, ಅದನ್ನೂ ಕದಿಯಬಹುದು. ಮೂರನೆಯವರಿಗೆ ಹಣ ದಾಟಿಸುವ ಮಾತು ಬಂದರೆ ಅಲ್ಲಿಗೆ ನಿಲ್ಲಿಸುತ್ತಾರೆ. ಆಮೇಲೆ ಅಕ್ಕ ಒಮ್ಮೆ ವೀಡಿಯೋ ಕಾಲ್ ಮಾಡಿ ಮಾತಾಡುತ್ತಾಳೆ. ಏನು ತಿನ್ನುತ್ತೀರಿ, ಏನು ನೋಡಬೇಕು ಅಂತಿದ್ದೀರಿ, ಅಷ್ಟೇ. ನನ್ನ ಅನುಭವದಲ್ಲಿ ಇದು ಎಲ್ಲಕ್ಕಿಂತ ಗಟ್ಟಿಯಾದ ಪರೀಕ್ಷೆ. ಬರುವ ಮನಸ್ಸು ಇದ್ದವರು ಕೇಳಿಯೇ ಕೇಳುತ್ತಾರೆ.

ಸ್ವೈಪ್ ಮಷಿನ್ ವಿಷಯ ಸ್ವಲ್ಪ ಹೇಳಬೇಕು. ಹಳೆಯ ಕಪ್ಪು ಪಟ್ಟಿಯ ಕಾರ್ಡನ್ನು ನಕಲು ಮಾಡುವುದು ಸುಲಭ ಇತ್ತು. ಅದಕ್ಕೇ 2018ರ ಡಿಸೆಂಬರ್ 31ರೊಳಗೆ ಎಲ್ಲವನ್ನೂ ಚಿಪ್ ಕಾರ್ಡಿಗೆ ಬದಲಿಸಿ ಎಂದು ರಿಸರ್ವ್ ಬ್ಯಾಂಕ್ ಇಲ್ಲಿನ ಬ್ಯಾಂಕುಗಳಿಗೆ ಹೇಳಿತ್ತು. ಚಿಪ್ ಒಳಗೆ ಹಾಕಿ, ಪಿನ್ ಒತ್ತಿಸಿದರೆ ಕಾರ್ಡೂ ಅಸಲಿ, ಪಿನ್ ಗೊತ್ತಿದ್ದವರೇ ಒತ್ತಿದ್ದು ಎಂದಾಗುತ್ತದೆ. ಸುಮ್ನೆ ಮುಟ್ಟಿಸಿದರೆ ಇಲ್ಲಿನ ಕಾರ್ಡಿಗೆ 5,000 ರೂಪಾಯಿವರೆಗೆ ಪಿನ್ ಕೇಳುವುದಿಲ್ಲ. ಅಮೆರಿಕದ ಕೆಲವು ಕಾರ್ಡುಗಳು ಪಿನ್ ಬದಲು ಸಹಿ ಕೇಳುತ್ತವೆ. ಆಗ ಸಹಿಯನ್ನು ಪಾಸ್‌ಪೋರ್ಟಿನ ಜೊತೆ ಹೋಲಿಸಬೇಕು. ಮಷಿನ್ ಓದಲಿಲ್ಲ ಎಂದು ನಂಬರನ್ನು ಕೈಯಿಂದ ಒತ್ತಬಾರದು. ಒತ್ತಿದರೆ ಮತ್ತೆ ಲಿಂಕಿನ ಕಥೆಯೇ.

ತಡೆಹಿಡಿದ 14,000ಕ್ಕೆ ಶಿವಮೊಗ್ಗದ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಯಲ್ಲಿ ದೂರು ದಾಖಲಿಸಿ, ಕೋರ್ಟಿನ ಆದೇಶ ತಂದು, ಬ್ಯಾಂಕಿಗೆ ಕೊಟ್ಟೆವು. ನಾಲ್ಕು ತಿಂಗಳು ಹಿಡಿಯಿತು. ಉಳಿದ 31,345 ರೂಪಾಯಿಯನ್ನು ನಾನು ನಷ್ಟ ಎಂದು ಬರೆದಿದ್ದೇನೆ.

ಫೆಬ್ರವರಿಯಲ್ಲಿ ನೆದರ್ಲೆಂಡ್ಸ್‌ನಿಂದ ಇಬ್ಬರು ಬಂದರು, ಕಪ್ಪೆಗಳ ಫೋಟೋ ತೆಗೆಯುವವರು. ಆ ದಿನ ನಾನೂ ಅಲ್ಲಿದ್ದೆ. ಮಷಿನ್ನಿಗೆ ಸಿಗ್ನಲ್ ಸಿಗುವುದು ಅಂಗಳದ ತುಳಸಿಕಟ್ಟೆ ಹತ್ತಿರ ಮಾತ್ರ. ಭಾವ ಪಾಸ್‌ಪೋರ್ಟು, ಕಾರ್ಡು, ಪುಸ್ತಕ ಮೂರನ್ನೂ ಕಟ್ಟೆ ಮೇಲೆ ಇಟ್ಟುಕೊಂಡು ಒಂದೊಂದೇ ಅಂಕಿ ಓದಿದರು. ಆ ಹೆಂಗಸು ಪಿನ್ ಒತ್ತುವಾಗ ಮುಖ ಆಚೆ ತಿರುಗಿಸಿ ನಿಂತರು. ರಸೀದಿ ಹೊರಗೆ ಬರುವ ಹೊತ್ತಿಗೆ ಅಕ್ಕ ಕಷಾಯ ತಂದಿದ್ದಳು. ಇಬ್ಬರೂ ಲೋಟ ಹಿಡಿದುಕೊಂಡು ಕೇಳಿದ ಮೊದಲ ಪ್ರಶ್ನೆ, ಈಗ ಜಿಗಣೆ ಇರುತ್ತಾ ಎಂದು.